ಚಿಲಕದ ಎತ್ತರ

ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ,
ಮೂರನೇ ಕ್ಲಾಸಿನ ಬೆಂಚುಗಳಲ್ಲಿ
ಮೊಣಕಾಲು ಎದೆಗೊತ್ತಿಕೊಂಡು ಕೂತೆವು ನಾವು,
ಹೊಸ ಸದಸ್ಯರು.

ಪಟ್ಟೆಗಾರಪಾಳ್ಯದ ಈ ಗೋಡೆಯ ಆಚೆ
ಹತ್ತೊಂಬತ್ತು ವರ್ಷದಿಂದ ನನ್ನ ಲೇತು ತಿರುಗುತ್ತಿದೆ.
ಇಲ್ಲಿ ಮಗ್ಗಿ ಹೇಳಿದ್ದು ಅಲ್ಲಿಗೆ ಕೇಳುತ್ತದೆ,
ಅಲ್ಲಿ ಕಬ್ಬಿಣ ಕಿರುಚಿದ್ದು ಇಲ್ಲಿಗೆ.
ಒಳಗೆ ಬಂದದ್ದು ಮಾತ್ರ ಇವತ್ತೇ ಮೊದಲು.
ಬಾ ಎಂದು ಯಾರೂ ಅಂದಿರಲಿಲ್ಲ;
ಅನ್ನಲಿ ಅಂತ ನಾನೂ ಕಾದಿರಲಿಲ್ಲ.

ಪುಟ್ಟಸ್ವಾಮಯ್ಯ, ಸಹಾಯ ನಿಧಿಯ ಹಳೇ ಕಾರ್ಯದರ್ಶಿ,
ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು,
ಈಗಲೂ ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸುತ್ತಾರೆ.
ಬೀರುವಿನ ಕೀಲಿ ಮೇಜಿನ ಮೇಲಿಟ್ಟು
ಲೆಕ್ಕ ಓದಿದರು, ಸ್ಟಾಪು ಕೂಗಿದ ಹಾಗೆ:
ಷೂ ನಲವತ್ತಮೂರು ಜೊತೆ. ನಲ್ಲಿಯ ವಾಷರು.
ಕನ್ನಡಕ ಒಂದು, ಐದನೇ ಕ್ಲಾಸಿನ ಯಂಕೋಬನಿಗೆ.
ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ, ಎಂಬತ್ತೈದು ರೂಪಾಯಿ.
ಉಳಿಕೆ ಆರು ಸಾವಿರದ ಚಿಲ್ಲರೆ.

ಹೊಸಬರಿಗೆ ಹುರುಪು ಇರುತ್ತದಲ್ಲ.
ಅಪಾರ್ಟ್‌ಮೆಂಟಿನ ವೈಜಯಂತಿ ಮೇಡಂ ಲ್ಯಾಪ್‌ಟಾಪು ತೆರೆದು
ನಿಧಿಗೊಂದು ಲಾಂಛನ ಬೇಕೆಂದರು.
ಇಸ್ತ್ರಿ ಅಂಗಡಿಯ ಚೊಕ್ಕಲಿಂಗಂ, ಗೇಟಿಗೆ ಬಣ್ಣ ಅಂದರು.
ನಾನು ಬೋರ್ಡು ಅಂದೆ, ಕಬ್ಬಿಣದ್ದು,
ದಾನಿಗಳ ಹೆಸರು ಎದ್ದು ಕಾಣುವ ಹಾಗೆ.
ನನ್ನದು ಮೂರನೇ ಸಾಲಿನಲ್ಲಿದ್ದರೂ ಸಾಕು
ಎಂದು ಬಾಯಿಬಿಟ್ಟು ಅನ್ನಲಿಲ್ಲ.

ಮುಬೀನಾ ಅಷ್ಟು ಹೊತ್ತೂ ಮಾತಾಡಿರಲಿಲ್ಲ.
ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು,
ಅರ್ಧ ದಿನದ ಸಂಬಳ ಬಿಟ್ಟು ಬಂದವಳು,
ಇದೇ ಶಾಲೆಯಲ್ಲಿ ಏಳರವರೆಗೆ ಓದಿದವಳು.
"ಆ ಚಿಲಕ," ಅಂದಳು, "ಎಷ್ಟು ಎತ್ತರಕ್ಕೆ ಹಾಕಿಸಿದ್ದೀರಿ?"

ಪುಸ್ತಕದಲ್ಲಿ ಬೆಲೆ ಇತ್ತು. ತಾರೀಖು ಇತ್ತು.
ಗುಂಡುಸೂಜಿ ತುಕ್ಕು ಹಿಡಿದು ರಸೀತಿ ಅಂಟಿಕೊಂಡಿತ್ತು.
ಎತ್ತರ ಇರಲಿಲ್ಲ.

ಎದ್ದು ಹೋದೆವು, ಸಭೆಯನ್ನು ಬೆಂಚಿನ ಮೇಲೆ ಬಿಟ್ಟು,
ಬೋರಲು ಹಾಕಿದ ಬಿಸಿಯೂಟದ ಪಾತ್ರೆಗಳನ್ನು ಬಳಸಿ.
ನೀಲಿ ಬಾಗಿಲು. ಚಿಲಕ ನನ್ನ ಹುಬ್ಬಿನ ನೇರಕ್ಕೆ.
ಬಡಗಿ ತನ್ನ ಹುಬ್ಬಿಗೆ ಅಳೆದು ಹೊಡೆದದ್ದು.
ಒಳ್ಳೆಯ ಚಿಲಕ. ಹೊಸದರ ಹಾಗೇ ಇದೆ.
ಕೆಳಗೆ, ಸೊಂಟದ ಮಟ್ಟಕ್ಕೆ, ಬಾಗಿಲಿನ ಅಂಚಿನಲ್ಲಿ
ಸಣ್ಣ ಬೆರಳುಗಳ ಕಪ್ಪು ಜಿಡ್ಡು:
ಹೊರಗೆ ನಿಂತ ಗೆಳತಿ ಎಳೆದು ಹಿಡಿದುಕೊಳ್ಳುವ ಜಾಗ.

"ನಮ್ಮ ಕಾಲಕ್ಕೆ ಚಿಲಕವೇ ಇರಲಿಲ್ಲ.
ನಾನು ನೀರೇ ಕುಡೀತಿರಲಿಲ್ಲ, ಮನೆಗೆ ಹೋಗೋವರೆಗೂ."
ಹೇಳಿ, ದುಪಟ್ಟಾ ಸರಿಮಾಡಿಕೊಂಡು, ಗೇಟಿನ ಕಡೆ ನೋಡಿದಳು,
ನಮ್ಮ ಮುಖ ನಾವು ಸರಿಮಾಡಿಕೊಳ್ಳಲಿ ಅಂತಲೋ ಏನೋ.
"ಮೂರು ವರ್ಷ ಆಯ್ತಲ್ಲಮ್ಮಾ," ಅಂದರು ಪುಟ್ಟಸ್ವಾಮಯ್ಯ.

ದಿನಕ್ಕೆ ಮುನ್ನೂರು ಬುಷ್ ಕಡೆಯುವವನು ನಾನು.
ಕೂದಲೆಳೆ ತಪ್ಪಿದರೆ ಮಾಲು ವಾಪಸ್ಸು ಬರುತ್ತದೆ.
ಇಲ್ಲಿ ಎರಡು ಅಡಿ ತಪ್ಪಿತ್ತು,
ಯಾರೂ ವಾಪಸ್ಸು ಕಳಿಸಿರಲಿಲ್ಲ.

ಪಕ್ಕದ ಕಟ್ಟಡದ ವಾಚ್‌ಮನ್ನನ ಮಗಳು ಬಂದು ನಿಂತಿದ್ದಳು,
ಎರಡನೇ ಕ್ಲಾಸು, ಹೆಸರು ಹುಲಿಗೆಮ್ಮ.
ಕೈ ಎತ್ತಮ್ಮ, ಅಂದೆ. ತುದಿಗಾಲಲ್ಲಿ ನಿಂತು ಚಾಚಿದಳು,
ಉತ್ತರ ಗೊತ್ತಿರುವವಳ ಹಾಗೆ.
ಅಷ್ಟು ಬೇಡ, ಸುಮ್ಮನೆ, ಬಾಗಿಲು ಹಾಕುವಷ್ಟು.
ಕೈ ಇಳಿಯಿತು. ನಿಂತಿತು.
ಅಲ್ಲೊಂದು ಗೀರು ಎಳೆದೆ, ಸ್ಕೂಟರಿನ ಕೀಲಿಯಿಂದ.

ಲ್ಯಾಪ್‌ಟಾಪು ಮುಚ್ಚಿ ವೈಜಯಂತಿ ಮೇಡಂ ಪೆನ್ನು ಕೇಳಿದರು.
ಒತ್ತಕ್ಷರಕ್ಕೆ ಹೆದರಿ ಹೆದರಿ ಬರೆದರು:
ಚಿಲಕ ಇಳಿಸುವುದು. ಖರ್ಚು ಇಲ್ಲ.
ಐದು ಸಹಿ, ಒಂದು ತಮಿಳಿನಲ್ಲಿ.
ಬೋರ್ಡಿನ ವಿಷಯ ಮುಂದಿನ ಸಭೆಗೆ, ಅಂದರು.
ಇರಲಿ ಬಿಡಿ, ಅಂದೆ.
ಸ್ವಲ್ಪ ತಡವಾಗಿಯೇ ಅಂದೆ.